ವಿಮಾನ ನಿಲ್ದಾಣಕ್ಕೆ ರೊಕ್ಕ ಕೊಟ್ಟವರು

ನಾನು ಹುಡುಗನಾಗಿದ್ದಾಗ ನಾಗಪುರದ ವಿಮಾನ ನಿಲ್ದಾಣಕ್ಕೆ ಇನ್ನೂ ಬಾಬಾಸಾಹೇಬ ಅಂಬೇಡ್ಕರರ ಹೆಸರು ಇಟ್ಟಿರಲಿಲ್ಲ. ಸೋನೆಗಾಂವ ಅಂದರೆ ಸಾಕಿತ್ತು. ವಾರ್ಧಾ ರಸ್ತೆ ಹಿಡಿದು ಹೊರಟರೆ ಊರು ಮುಗಿದು, ಹೊಲ ಸುರುವಾಗಿ, ಆಮೇಲೆ ಅದು ಸಿಗುತ್ತಿತ್ತು. 1917-18ರಲ್ಲಿ ಬ್ರಿಟಿಷರು ತಮ್ಮ ವಾಯುದಳಕ್ಕೆಂದು ಮಾಡಿಕೊಂಡ ಬಯಲು ಅದು. ಎರಡನೇ ಮಹಾಯುದ್ಧದಲ್ಲಿ ಅವರ ವಿಮಾನಗಳು ಇಳಿದು ಏಳುವ ತಾಣವಾಗಿತ್ತು. ಅವರು ಹೋದ ಮೇಲೆ ನಮ್ಮ ಸರಕಾರದ ಪಾಲಿಗೆ ಬಂತು. 1953ರಲ್ಲಿ ಅಲ್ಲೊಂದು ಹೊಸ ಕಟ್ಟಡ ಎದ್ದಿತು. ಉಪಾಹಾರ, ವಿಶ್ರಾಂತಿ ಕೋಣೆ, ಪುಸ್ತಕದಂಗಡಿ, ವಿಮಾನ ನೋಡಲು ಬಂದವರಿಗೆ ಗ್ಯಾಲರಿ, ಎಲ್ಲ ಇದ್ದವು. ಆದರೆ ಆ ನಿಲ್ದಾಣದ ನಿಜವಾದ ಗದ್ದಲ ಸುರುವಾಗುತ್ತಿದ್ದುದು ಊರೆಲ್ಲ ಮಲಗಿದ ಮೇಲೆ.

ಅದಕ್ಕೆ ಕಾರಣ ಟಪಾಲು. ರಫಿ ಅಹಮದ್ ಕಿದ್ವಾಯಿ ಸಂಪರ್ಕ ಮಂತ್ರಿಯಾಗಿದ್ದಾಗ, 1949ರ ಜನವರಿ 30ರಿಂದ, ರಾತ್ರಿ ಟಪಾಲಿನ ವಿಮಾನಗಳು ಹಾರತೊಡಗಿದವು. ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸು, ನಾಲ್ಕೂ ಕಡೆಯಿಂದ ಒಂದೊಂದು ವಿಮಾನ ಹೊರಟು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಕೂಡುತ್ತಿದ್ದವು. ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರು ಸೇರುತ್ತಿದ್ದವು. ಅದೇ ವರ್ಷ ಏಪ್ರಿಲ್‌ನಿಂದ ದೇಶದೊಳಗಿನ ಕಾಗದಗಳಿಗೆ ವಿಮಾನದ ಹೆಚ್ಚುವರಿ ದರವನ್ನೂ ತೆಗೆದರು. ನಾನು ಸಾಲಿಗೆ ಹೋಗುವ ಕಾಲಕ್ಕೆ ಅಂತರ್ದೇಶೀಯ ಪತ್ರಕ್ಕೆ 10 ಪೈಸೆ, ಲಕೋಟೆಗೆ 15 ಪೈಸೆ. ಮದ್ರಾಸಿನಲ್ಲಿ ಸಂಜೆ ಡಬ್ಬಿಗೆ ಹಾಕಿದ ಕಾಗದ ಮರುದಿನ ದಿಲ್ಲಿಯಲ್ಲಿ ಇರುತ್ತಿತ್ತು. ಧಾರವಾಡದ ನಮ್ಮ ಕಾಕಾನ ಕಾಗದ ಮಾತ್ರ ವಾರ ತಗೊಳ್ಳುತ್ತಿತ್ತು. ಅದಕ್ಕೆ ವಿಮಾನದ ದೋಷವೇನೂ ಇರಲಿಲ್ಲ, ಬರೆದ ಕಾಗದವನ್ನು ಕಾಕಾ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು.

ನಮ್ಮಪ್ಪ ಆರ್.ಎಂ.ಎಸ್., ಅಂದರೆ ರೈಲ್ವೆ ಟಪಾಲು ಸೇವೆಯಲ್ಲಿ, ಕಾಗದ ವಿಂಗಡಿಸುವ ಸಾರ್ಟರ್ ಆಗಿದ್ದರು. ರಾತ್ರಿ ಪಾಳಿ ಬಂದಾಗ ಸೈಕಲ್ಲಿಗೆ ಚಿಮಣಿ ಎಣ್ಣೆಯ ದೀಪ ಸಿಕ್ಕಿಸಿಕೊಂಡು ಸೋನೆಗಾಂವಕ್ಕೆ ಹೊರಡುತ್ತಿದ್ದರು. ದೀಪವಿಲ್ಲದೆ ಸಿಕ್ಕಿಬಿದ್ದರೆ ಪೊಲೀಸರು ಚಾಕಿನ ಗಾಳಿ ಬಿಡುತ್ತಿದ್ದ ಕಾಲ. ಬೆಳಗ್ಗೆ ಬಂದಾಗ ಅವರ ಖಾಕಿ ಕೋಟಿಗೆ ಅರಗು, ಸುತಳಿ, ಕ್ಯಾನ್ವಾಸು ಚೀಲ, ಪೆಟ್ರೋಲು ನಾಲ್ಕೂ ಕೂಡಿದ ಒಂದು ವಾಸನೆ. ಅವ್ವ ಅಷ್ಟರಲ್ಲಿ ಬಂಬದಲ್ಲಿ ನೀರು ಕಾಯಿಸಿ ಇಟ್ಟಿರುತ್ತಿದ್ದಳು. ಸ್ನಾನ ಆಗುವತನಕ ಅಪ್ಪನಿಗೆ ಕೌದಿ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಗೂಟಕ್ಕೆ ತೂಗುಹಾಕಿದ ಕೋಟನ್ನು ಮೂಸಿ ಮೂಸಿ ವಿಮಾನ ನಡೆಸುವವನಾಗಬೇಕೆಂದು ನಿಶ್ಚಯ ಮಾಡಿದೆ. ಮುಂದೆ ಬ್ಯಾಂಕಿನಲ್ಲಿ ಕಾರಕೂನನಾದೆ. ಮೊದಲ ಸಲ ವಿಮಾನ ಹತ್ತಿದಾಗ ತಲೆ ಪೂರಾ ನೆರೆತಿತ್ತು, ಕಿಟಕಿ ಪಕ್ಕದ ಸೀಟೂ ಸಿಗಲಿಲ್ಲ.

ನಮ್ಮ ಬಾಡಿಗೆ ಮನೆ ಸೋಮಲವಾಡದ ಕಡೆಗಿತ್ತು, ವಿಮಾನಗಳು ತಲೆಯ ಮೇಲೇ ಇಳಿಯುತ್ತಿದ್ದವು. ಮೊದಮೊದಲು ಡಕೋಟಾ, ಆಮೇಲೆ ಇನ್ನೂ ದೊಡ್ಡವು. ಒಂದೊಂದು ಬಂದಾಗಲೂ ನಾಗೊಂದಿಗೆಯ ಮೇಲಿನ ಗಂಗಾಳ, ತಂಬಿಗೆ, ಬೋಗುಣಿ ಎಲ್ಲ ಗಿಣಿಗಿಣಿ ಅನ್ನುತ್ತಿದ್ದವು. ಧಾರವಾಡದಿಂದ ಬಂದ ಅಜ್ಜಿಗೆ ನಿದ್ದೆಯಿಲ್ಲ. ಒಂದು ಮುಂಜಾನೆ ಅಪ್ಪನನ್ನು ಹಿಡಿದು ಕೇಳಿದಳು: “ಏನೋ, ನಿಮ್ಮ ಸಾಹೇಬರಿಗೆ ಹೇಳಬಾರದೇನು? ಸ್ವಲ್ಪ ಮೆತ್ತಗ ಇಳಸ್ರಿ ಅಂತ?” ಅಪ್ಪ ಚಹಾದ ಬಶಿಯಿಂದ ಮುಖ ಎತ್ತದೆ “ಹೇಳ್ತೀನವ್ವಾ” ಅಂದರು. ವಿಮಾನದ ಸಪ್ಪಳದ ಬಗ್ಗೆ ಆ ಭಾಗದಲ್ಲಿ ನಾನು ಕೇಳಿದ ತಕರಾರು ಅದೊಂದೇ. ಅಂಥದ್ದಕ್ಕೆ ಅರ್ಜಿ ಕೊಡಬಹುದು, ಅದನ್ನು ಯಂತ್ರವಿಟ್ಟು ಅಳೆಯಬಹುದು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಅವ್ವನ ಚಿಂತೆ ಬೇರೆ ಇತ್ತು. 1953ರ ಡಿಸೆಂಬರ್ 12ರ ನಸುಕಿನಲ್ಲಿ ಮದ್ರಾಸಿಗೆ ಹೊರಟ ಡಕೋಟಾ ಎದ್ದ ಕೂಡಲೇ ನಾಗಪುರದ ಹತ್ತಿರವೇ ಬಿದ್ದು 13 ಮಂದಿ ಸತ್ತಿದ್ದರು, ಪೈಲಟ್ ಒಬ್ಬ ಉಳಿದಿದ್ದ. ನಾನಿನ್ನೂ ಹುಟ್ಟಿರಲಿಲ್ಲ, ಆದರೆ ನೆರೆಯ ಮಾವಶಿಯೊಬ್ಬರು ಆ ಕತೆಯನ್ನು ಪ್ರತಿ ಮಳೆಗಾಲಕ್ಕೊಮ್ಮೆ ಹೊಸದಾಗಿ ಹೇಳುತ್ತಿದ್ದರು. ಅಪ್ಪ ಚೀಲ ಎತ್ತಿಹಾಕುವವರು, ಹಾರುವವರಲ್ಲ ಎಂದು ಎಷ್ಟು ಸಲ ತಿಳಿಸಿ ಹೇಳಿದರೂ ಅವ್ವ ಪಾಳಿಯ ರಾತ್ರಿ ಮಾಡದಲ್ಲಿ ದೀಪ ಹಚ್ಚಿಡುವುದನ್ನು ಬಿಡಲಿಲ್ಲ. ಎಣ್ಣೆ ಖರ್ಚು ಅಂತ ಅಪ್ಪ ಗೊಣಗುತ್ತಿದ್ದರು.

ಒಮ್ಮೆ ಅಪ್ಪ ನನ್ನನ್ನು ಗ್ಯಾಲರಿಗೆ ಕರೆದುಕೊಂಡು ಹೋದರು. ಹೊರಗೆ 10 ಪೈಸೆಯ ಚಹಾ, ಅರ್ಧ ಅವರಿಗೆ, ಬಶಿಯಲ್ಲಿ ಸುರಿದದ್ದು ನನಗೆ. ಅಷ್ಟುದ್ದ ದೀಪದ ಸಾಲು ನೋಡಿ ನನಗೆ ದಂಗುಬಡಿಯಿತು. “ಅಪ್ಪಾ, ಇದಕ್ಕೆಲ್ಲಾ ರೊಕ್ಕ ಯಾರು ಕೊಡ್ತಾರ?” “ದಿಲ್ಲಿಯವರು.” “ದಿಲ್ಲಿಯವರಿಗೆ ಯಾರು ಕೊಡ್ತಾರ?” ಅಪ್ಪ ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆದು ತೋರಿಸಿದರು. “ಇದರ ಮ್ಯಾಲೆ ತೆರಿಗಿ ಅದ. ಚಿಮಣಿ ಎಣ್ಣಿ ಮ್ಯಾಲೂ ಅದ. ನಿಮ್ಮವ್ವ ರಾತ್ರಿ ದೀಪ ಹಚ್ಚಿದಾಗೆಲ್ಲಾ ಒಂದೀಟು ದಿಲ್ಲಿಗೆ ಹೋಗ್ತದ.” ಮರುದಿನ ಸಾಲಿಯಲ್ಲಿ ನಾನು ಈ ನಿಲ್ದಾಣ ನಮ್ಮವ್ವನ ದುಡ್ಡಿನಲ್ಲಿ ನಡೆಯುತ್ತದೆ ಎಂದು ಹೇಳಿ ಮರಾಠಿ ಮಾಸ್ತರರ ಕೈಯಿಂದ ಕಿವಿ ಹಿಂಡಿಸಿಕೊಂಡೆ. ಈಗ ಯೋಚಿಸಿದರೆ ಲೆಕ್ಕ ತಪ್ಪೇನಿರಲಿಲ್ಲ. ವಿಮಾನ, ಅದರ ನಿಲ್ದಾಣ, ಟಪಾಲು ಮೂರೂ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯಗಳು. ದಿಲ್ಲಿಯ ಇಲಾಖೆ ಮಂಜೂರು ಮಾಡಿದರೆ ಡಾಂಬರು ಬೀಳುತ್ತಿತ್ತು, ಇಲ್ಲದಿದ್ದರೆ ಇಲ್ಲ.

ನೆಲದ ಕತೆ ಹೇಳಿದವನು ನಮಗೆ ಹಾಲು ಹಾಕಲು ಬರುತ್ತಿದ್ದ ಶಿವಣಗಾಂವದ ಗೌಳಿ. ಹಿತ್ತಾಳೆಯ ಮಾಪಿನಿಂದ ಅಳೆದು, ಅವ್ವ ನೋಡುತ್ತಿದ್ದರೆ ಮೇಲೊಂದು ತೊಟ್ಟು ಹೆಚ್ಚು ಹಾಕುತ್ತಿದ್ದ. ಅವನು ಹುಡುಗನಾಗಿದ್ದಾಗ, ಯುದ್ಧದ ಕಾಲಕ್ಕೆ, ಲಾರಿಗಳು ಬಂದವಂತೆ, ಬೇಲಿ ಬಂತಂತೆ, ಎಮ್ಮೆ ಹೊಡೆದುಕೊಂಡು ಹೋಗುವ ದಾರಿ ಸುತ್ತು ಆಯಿತಂತೆ. “ನಿಮ್ಮನ್ನ ಯಾರೂ ಕೇಳಲಿಲ್ಲೇನು?” ಎಂದು ಅವ್ವ ಅರೆಬರೆ ಮರಾಠಿಯಲ್ಲಿ ವಿಚಾರಿಸಿದಳು. ಅವನು ನಕ್ಕುಬಿಟ್ಟ. ಆಗ 1894ರ ಭೂಸ್ವಾಧೀನ ಕಾಯ್ದೆ ಇತ್ತು. ಮಾರುಕಟ್ಟೆ ಬೆಲೆ, ಅದರ ಮೇಲೆ ನೂರಕ್ಕೆ 15 ಸೇರಿಸಿ ಕೈಗಿಟ್ಟರೆ ಸರಕಾರದ ಕೆಲಸ ಮುಗಿಯಿತು. ಒಪ್ಪಿಗೆ ಕೇಳುವ ಕಲಮೇ ಅದರಲ್ಲಿ ಇರಲಿಲ್ಲ.

1973ರ ಅಕ್ಟೋಬರಿನಲ್ಲಿ ರಾತ್ರಿ ಟಪಾಲಿನ ವಿಮಾನಗಳು ನಿಂತವು. ಅಪ್ಪನಿಗೆ ದುಃಖವಾದೀತೆಂದು ನಾವು ಒಂದು ದಿನ ಮೆಲ್ಲಗೆ ಮಾತಾಡಿದೆವು. ಅವರು ಹೊಟ್ಟೆತುಂಬ ಜುಣಕ, ಭಕ್ರಿ ಉಂಡು, ಒಂಬತ್ತಕ್ಕೇ ಕೌದಿ ಹೊದ್ದು ಗೊರಕೆ ಹೊಡೆದರು. ನಿದ್ದೆ ಬಾರದೆ ಹೊರಳಾಡಿದವಳು ಅವ್ವ. ಅವಳಿಗೆ ಅಷ್ಟು ವರ್ಷ ಗಡಿಯಾರವಾಗಿದ್ದುದೇ ಆ ಸಪ್ಪಳ.

ಮರುವರ್ಷ ಊರಿನಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದರ ಮಹತ್ವ ನಮಗೆ ಆಗ ಗೊತ್ತಾಗಲಿಲ್ಲ. 1958ರಿಂದ ನಾಗಪುರದಲ್ಲಿ ಸಾರ್ವಜನಿಕ ಆರೋಗ್ಯದ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯೊಂದಿತ್ತು. ನೀರು, ಗಟಾರಿನ ಸಂಸ್ಥೆ ಎಂದೇ ಜನ ಗುರುತಿಸುತ್ತಿದ್ದರು. 1974ರಲ್ಲಿ ಅದಕ್ಕೆ ನೀರಿ, ಅಂದರೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಎಂದು ಹೆಸರು ಬದಲಿಸಿದರು. ಮುಂದೆ ದೇಶದ ದೊಡ್ಡ ದೊಡ್ಡ ಯೋಜನೆಗಳ ಪರಿಸರ ವರದಿಗಳು ನಮ್ಮ ಊರಿನಲ್ಲೇ ತಯಾರಾಗತೊಡಗಿದವು. ಸೇತುಸಮುದ್ರಂ ಕಾಲುವೆಯ ವರದಿ ಬರೆದದ್ದೂ ಇವರೇ. ಇಂಥ ವರದಿಗಳ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ನಮ್ಮ ಪಡಸಾಲೆಯಲ್ಲಿ ಕೂತು ವಿವರಿಸುತ್ತಿದ್ದ: ಯೋಜನೆಯ ಸುತ್ತ 10 ಕಿಲೋಮೀಟರ್ ಗೆರೆ ಎಳೆಯಬೇಕು, ಮಳೆಗಾಲ ಬಿಟ್ಟು ಒಂದು ಋತುವಿನ ಗಾಳಿ, ನೀರು, ಸಪ್ಪಳ ಅಳೆಯಬೇಕು, ಗಿಡಮರ, ಹಕ್ಕಿಪಕ್ಕಿ ಪಟ್ಟಿ ಮಾಡಬೇಕು. ಅವ್ವ ಒಳಗಿಂದಲೇ ಕೇಳಿದಳು: “ಹಕ್ಕಿ ಎಣಸಾಕ ಪಗಾರ ಕೊಡ್ತಾರೇನಪಾ?” “ಕೊಡ್ತಾರ ಅವ್ವಾ, ಬಾಳ ಕೊಡಂಗಿಲ್ಲ.”

ಕಾನೂನು ಬಂದದ್ದು ತಡವಾಗಿ. 1994ರ ಜನವರಿಯ ಅಧಿಸೂಚನೆ ವಿಮಾನ ನಿಲ್ದಾಣಗಳಿಗೂ ಪರಿಸರ ಅನುಮತಿ ಬೇಕೆಂದಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾಯಿತು. 2006ರ ಸೆಪ್ಟೆಂಬರಿನ ಹೊಸ ಅಧಿಸೂಚನೆ ವಿಮಾನ ನಿಲ್ದಾಣಗಳನ್ನು ದಿಲ್ಲಿಯೇ ಪರಿಶೀಲಿಸಬೇಕಾದ ವರ್ಗಕ್ಕೆ ಸೇರಿಸಿತು. ಅಜ್ಜಿ ಕೇಳಿದ ಪ್ರಶ್ನೆಗೆ ಸರಕಾರಿ ಕಾಗದದಲ್ಲಿ ಒಂದು ಜಾಗ ಸಿಕ್ಕಿತು, ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

2002ರಲ್ಲಿ ಮಹಾರಾಷ್ಟ್ರ ಸರಕಾರ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿ ಕಟ್ಟಿತು. ಮಿಹಾನ್ ಎಂಬ ಹೆಸರು ಎಲ್ಲರ ಬಾಯಲ್ಲಿ ಆಡತೊಡಗಿತು: ಸರಕು ವಿಮಾನಗಳ ಕೇಂದ್ರ, ಪಕ್ಕದಲ್ಲೇ ವಿಶೇಷ ಆರ್ಥಿಕ ವಲಯ, ಒಟ್ಟು ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲ. ಶಿವಣಗಾಂವ, ಖಾಪರಿ, ತೆಲ್ಹಾರಾ, ಕಲಕುಹಿ, ದಹೆಗಾಂವ, ನಮ್ಮ ಹಾಲು, ತರಕಾರಿ ಬರುತ್ತಿದ್ದ ಊರುಗಳೇ ನಕಾಶೆಯಲ್ಲಿ ಗೆರೆಯೊಳಗೆ ಬಂದವು. ಗೌಳಿಯ ಮಕ್ಕಳು ಅವನ ಹಾಗೆ ನಗಲಿಲ್ಲ. ಪರಿಹಾರ ಸಾಲದು, ಬದಲಿ ಜಾಗ ಸರಿಯಿಲ್ಲ ಎಂದು ಶಿವಣಗಾಂವದವರು ವರ್ಷಗಟ್ಟಲೆ ಜಗ್ಗಾಡಿದರು. 2013ರ ಹೊಸ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಹೆಚ್ಚಿನ ಪರಿಹಾರವನ್ನೂ ತಂದಿತು. ಅದಕ್ಕೆ ಮೊದಲೇ ಹೊಲ ಬಿಟ್ಟವರಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ. ಈಗ ಆ ನೆಲದಲ್ಲಿ ಏಮ್ಸ್ ಆಸ್ಪತ್ರೆ ಇದೆ, ವಿಮಾನ ರಿಪೇರಿಯ ಕಾರ್ಖಾನೆ ಇದೆ. ನನ್ನ ಮೊಣಕಾಲು ತೋರಿಸಲು ನಾನು ಹೋಗುವುದೂ ಅದೇ ಏಮ್ಸಿಗೆ. ಹಾಗಾಗಿ ಹಳೆಯ ಹೊಲ ಚೆಂದವಿತ್ತೆಂದು ಹಾಡಲು ನನಗೆ ನಾಲಿಗೆ ಏಳುವುದಿಲ್ಲ.

ಕೇಳುವ ಕಾನೂನು ಬಂದ ಮಾತ್ರಕ್ಕೆ ಕೇಳಿಸಿಕೊಳ್ಳುತ್ತಾರೆಂದೂ ಅಲ್ಲ. ನಮ್ಮಕ್ಕನನ್ನು ಮಂಗಳೂರಿನ ಕಡೆ ಕೊಟ್ಟಿತ್ತು. ಅಲ್ಲಿನ ವಿಮಾನ ನಿಲ್ದಾಣವಿರುವ ಬಜಪೆಯ ಗುಡ್ಡದ ಮೇಲೆ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದದ್ದನ್ನು ಅವಳ ಮಾವ ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಅಲ್ಲಿ ಎರಡನೇ ರನ್‌ವೇ ಯೋಜನೆ ಬಂದಾಗ ಸ್ಥಳೀಯರೂ ಪರಿಸರದವರೂ ಹೈಕೋರ್ಟಿಗೆ ಹೋದರು. ಗುಡ್ಡದ ತುದಿಯಲ್ಲಿ ಸುರಕ್ಷತೆಗೆ ಬೇಕಾದಷ್ಟು ಜಾಗವಿಲ್ಲ ಎಂಬುದೂ ಅವರ ವಾದವಾಗಿತ್ತು. ಸುಪ್ರೀಂ ಕೋರ್ಟೂ 2003ರಲ್ಲಿ ಅವರ ಕೈಹಿಡಿಯಲಿಲ್ಲ. 2006ರಲ್ಲಿ 2,450 ಮೀಟರಿನ ರನ್‌ವೇ ತೆರೆಯಿತು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಅದನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ತನಿಖೆ ಪೈಲಟನ ತಪ್ಪನ್ನು ಎತ್ತಿ ತೋರಿಸಿತು. ಅಕ್ಕ ಫೋನಿನಲ್ಲಿ ಅದೆಲ್ಲ ಮಾತಾಡಲಿಲ್ಲ. “ಮೊದಲೇ ಹೇಳಿದ್ದರಲ್ಲೋ” ಎಂದಷ್ಟೇ ಅಂದಳು.

ಇನ್ನು ರೊಕ್ಕದ ಪ್ರಶ್ನೆ. ಅದನ್ನು ಈಚೆಗೆ ಮೊಮ್ಮಗಳು ಕೇಳಿದಳು, ನಾನು ಅಪ್ಪನ ಹಾಗೆ ಎರಡು ಮಾತಿನಲ್ಲಿ ಮುಗಿಸಲು ಆಗಲಿಲ್ಲ. ನಾಗಪುರದ ನಿಲ್ದಾಣ ನಡೆಸಿದ್ದು ಮೊದಲು ಇಲಾಖೆ, 1986ರಲ್ಲಿ ಒಂದು ಪ್ರಾಧಿಕಾರ, 1995ರಲ್ಲಿ ಎರಡು ಪ್ರಾಧಿಕಾರ ಕೂಡಿಸಿ ಇನ್ನೊಂದು. 2009ರಲ್ಲಿ ರಾಜ್ಯದ ಕಂಪನಿಗೆ ನೂರಕ್ಕೆ 51, ಕೇಂದ್ರದ ಪ್ರಾಧಿಕಾರಕ್ಕೆ 49ರ ಪಾಲಿನ ಹೊಸ ಸಂಸ್ಥೆ. 2019ರಲ್ಲಿ ಜಿಎಂಆರ್ ಕಂಪನಿಗೆ ಗುತ್ತಿಗೆ, 2020ರಲ್ಲಿ ರದ್ದು, ಆಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟು. ಕೊನೆಗೆ 2024ರ ಅಕ್ಟೋಬರ್ 9ರಂದು ಸುಮಾರು 7,000 ಕೋಟಿ ರೂಪಾಯಿಯ ವಿಸ್ತರಣೆಗೆ ಅಡಿಗಲ್ಲು. ಸಣ್ಣ ಊರುಗಳಿಗೆ ಉಡಾನ್ ಯೋಜನೆ ಬೇರೆ: ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂದು ಸುರುವಾದದ್ದು. ಅದರ ನಷ್ಟ ತುಂಬಲು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಲೆವಿ, ಜೊತೆಗೆ ರಾಜ್ಯದ ಪಾಲು. ಇಷ್ಟು ಹೇಳುವಷ್ಟರಲ್ಲಿ ಹುಡುಗಿ ತನ್ನ ಬೆಂಗಳೂರಿನ ಟಿಕೀಟು ಮೊಬೈಲಿನಲ್ಲಿ ತೆಗೆದು, ‘ಯೂಸರ್ ಡೆವಲಪ್‌ಮೆಂಟ್ ಫೀ’ ಎಂಬ ಸಾಲಿನ ಮೇಲೆ ಬೆರಳಿಟ್ಟಳು. “ಅಜ್ಜಾ, ಕೊಡೋದು ನಾನೇ ಅಲ್ಲಾ?” ಹೌದು, ಅವಳೇ. ನಮ್ಮವ್ವನಿಗೆ ಕೊಟ್ಟದ್ದು ಗೊತ್ತಾಗುತ್ತಿರಲಿಲ್ಲ, ಇವಳಿಗೆ ರಸೀದಿಯಲ್ಲೇ ಕಾಣುತ್ತದೆ.

ಕೊಡುವವರಿಗೆ ಕೇಳುವ ಹಕ್ಕೂ ಬಂದಿದೆ ಎಂಬುದನ್ನು ಮಾತ್ರ ಹುಡುಗರು ಮರೆಯುತ್ತಾರೆ. ನಿಮ್ಮೂರಿನಲ್ಲಿ ಇಂಥ ಅಹವಾಲು ಸಭೆ ಆದರೆ 30 ದಿನ ಮೊದಲು ಪತ್ರಿಕೆಯಲ್ಲಿ ಬರುತ್ತದೆ, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಹೋಗಿರಿ. ಇಂಗ್ಲಿಷು ಬಾರದಿದ್ದರೆ ನಿಮ್ಮ ಭಾಷೆಯಲ್ಲೇ ಕೇಳಿರಿ. ಕೇಳಿ ಎದ್ದುಬರಬೇಡಿರಿ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಜಿಲ್ಲಾಧಿಕಾರಿ ಸಹಿ ಹಾಕಬೇಕು ಎಂಬುದು ನಿಯಮ. ಆ ಹೊತ್ತಿಗೆ ಹೆಚ್ಚಿನವರು ಊಟಕ್ಕೆ ಎದ್ದಿರುತ್ತಾರೆ. ಒಂದು ಹೊತ್ತಿನ ಊಟ ತಡವಾದರೂ ಅಡ್ಡಿಯಿಲ್ಲ, ನೀವು ಆಡಿದ ಮಾತು ಬರೆದುಕೊಂಡಿದ್ದಾರೋ ಇಲ್ಲವೋ ಎಂದು ಕೇಳಿಸಿಕೊಂಡೇ ಏಳಿರಿ.