ನಮ್ಮ ಹಿಟ್ಟು, ಅವರ ಊಟ

ಒಂದು ಜನಸಮುದಾಯವನ್ನು ಅದರ ಭಾಷೆಯಿಂದ ಗುರುತಿಸುವಂತೆಯೇ ಅದರ ಊಟದಿಂದಲೂ ಗುರುತಿಸುವುದು ಲೋಕರೂಢಿ. ಇಂಗ್ಲಿಷರನ್ನು ಫ್ರೆಂಚರು ಇಂದಿಗೂ 'ರೋಸ್ಟ್‌ಬೀಫ್'ಗಳೆಂದು ಹಾಸ್ಯ ಮಾಡುವುದುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಾದ ನಮಗೆ 'ಮುದ್ದೆ ತಿನ್ನುವವರು' ಎಂಬ ಹೆಸರು ಬಂದಿದೆ. ಇದು ಹೀಗಳಿಕೆಯೋ ಹೆಮ್ಮೆಯೋ ಎಂಬುದು ಹೇಳುವವರ ದನಿಯನ್ನು ಅವಲಂಬಿಸಿದೆ.

ನಮ್ಮ ಕಡೆ ಮುದ್ದೆಗೆ ಬರಿದೇ 'ಹಿಟ್ಟು' ಎನ್ನುತ್ತೇವೆ. ಎಸರು ಕುದಿಸಿ, ಹಿಟ್ಟು ಸುರಿದು, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಬಿಸಿಯಿರುವಾಗಲೇ ಉಂಡೆ ಕಟ್ಟುವುದು ತೋಳಿನ ಬಲ ಬೇಡುವ ಕೆಲಸ. ಜೊತೆಗೆ ಬಸ್ಸಾರು, ಉಪ್ಪೆಸರು ಇಲ್ಲವೇ ಅವರೆಕಾಳಿನ ಸಾರು. ಕೆಮ್ಮಣ್ಣಿನ ಮಳೆಯಾಶ್ರಿತ ಹೊಲದಲ್ಲಿ ಭತ್ತ ಬಾರದು, ರಾಗಿ ಬರುತ್ತದೆ. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಬರಗಾಲದಲ್ಲಿ ನಮ್ಮ ಹಿರಿಯರನ್ನು ಉಳಿಸಿದ್ದು ಈ ಗುಣವೇ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿ, ಸೆರೆಯಲ್ಲಿ ಆರು ತಿಂಗಳು ಕಳೆದರೂ ಕುಂದದ ರಾಗಿಯನ್ನೇ ಗೆಲ್ಲಿಸಿದರು.

ಕಾವ್ಯದಲ್ಲಿ ಗೆದ್ದ ಧಾನ್ಯ ಪೇಟೆಯಲ್ಲಿ ಸೋತದ್ದನ್ನು ನಾನು ಕಂಡಿದ್ದೇನೆ. ಮಾಗಡಿ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಹಾಸ್ಟೆಲೊಂದಕ್ಕೆ ಸೇರಿ, ಸಂಕ್ರಾಂತಿ ರಜೆಗೆ ಬಂದಾಗ ಹೇಳಿದ: "ಸಾ, ಮನೇಲಿ ಏನ್ ಉಣ್ತೀಯ ಅಂತ ಕೇಳಿದ್ರೆ ಅನ್ನ ಅಂತೀನಿ." ಅವನ ತಂದೆ ರಾಗಿ ಮಾರಿಯೇ ಅವನ ಶುಲ್ಕ ಕಟ್ಟಿದ್ದರು. ಹಸಿವಿಗಿಂತ ನಾಚಿಕೆ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ ಎಂದು ಅಂದು ನನಗನ್ನಿಸಿತು.

ಕಾಲ ತಿರುಗಿತು. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಮುದ್ದೆಯ ಮಾತು ದೆಹಲಿಯ ಪತ್ರಿಕೆಗಳಲ್ಲೂ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬಡವರ ಊಟ ಈಗ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿದೆ.

ಹಾಗೆಂದು ರಾಗಿ ನಮ್ಮ ಮಣ್ಣಿನಲ್ಲಿಯೇ ಹುಟ್ಟಿತೆ? ಇಲ್ಲ. ಅದರ ತವರು ಆಫ್ರಿಕದ ಇಥಿಯೋಪಿಯ, ಉಗಾಂಡಗಳ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದದ್ದು. 'ರಾಗಿ ಬ್ರಹ್ಮ' ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ತಳಿಗೆ ಆಫ್ರಿಕದ ತಳಿಯನ್ನು ಸಂಕರಿಸಿ ಇಳುವರಿ ಹೆಚ್ಚಿಸಿದರು. ಆ ತಳಿಗಳ ಹೆಸರೇ 'ಇಂಡಾಫ್': ಇಂಡಿಯಾ ಮತ್ತು ಆಫ್ರಿಕ.

ಒಂದು ಕಾಲಕ್ಕೆ ನಮ್ಮ ರಾಮನಗರಕ್ಕೆ ಬ್ಯಾರಿ ಕ್ಲೋಸ್ ಎಂಬ ತಮ್ಮ ಅಧಿಕಾರಿಯ ಹೆಸರಿನಿಂದ 'ಕ್ಲೋಸ್‌ಪೇಟೆ' ಎಂದು ಕರೆದ ಬ್ರಿಟಿಷರ ಕಥೆಯೂ ಹೀಗೆಯೇ. ಅವರ ಪ್ರಾಣದಂತಿರುವ ಚಹಾ ಚೀನಾದ್ದು. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಅದರೊಡನೆ ತಿನ್ನುವ ಕರಿದ ಮೀನನ್ನು ಅಲ್ಲಿಗೆ ತಂದವರು ವಲಸೆ ಬಂದ ಯಹೂದಿಗಳೆನ್ನುತ್ತಾರೆ. 1810ರಲ್ಲಿಯೇ ಶೇಖ್ ದೀನ್ ಮಹಮ್ಮದ್ ಎಂಬ ಭಾರತೀಯ ಲಂಡನ್ನಿನಲ್ಲಿ ನಮ್ಮ ದೇಶದ ಅಡುಗೆಯ ಹೋಟೆಲು ತೆರೆದ. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್, ಚಿಕನ್ ಟಿಕ್ಕಾ ಮಸಾಲವೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದರು. ಕೆಲವರು ಮುನಿದರು, ಹಲವರು ನಕ್ಕರು. ಊಟ ಮಾತ್ರ ಮುಂದುವರಿಯಿತು.

ಆದ್ದರಿಂದ ಒಂದು ಆಹಾರ ನಮ್ಮದಾಗುವುದು ಅದು ಎಲ್ಲಿ ಹುಟ್ಟಿತೆಂಬುದರಿಂದಲ್ಲ, ನಾವು ಎಷ್ಟು ತಲೆಮಾರು ಅದನ್ನು ಬಿತ್ತಿ, ಕಳೆ ಕಿತ್ತು, ಕುಯ್ದು, ಹಂಚಿ ಉಂಡೆವೆಂಬುದರಿಂದ. ಬಂದ ಅತಿಥಿಯನ್ನು ಮನೆಮಗನನ್ನಾಗಿ ಮಾಡಿಕೊಂಡ ಜನ ನಾವು. ಇದನ್ನು ಬಲ್ಲವರು ಅನ್ನವನ್ನೋ ಜೋಳದ ರೊಟ್ಟಿಯನ್ನೋ ಉಣ್ಣುವವರನ್ನು ಕೀಳಾಗಿ ಕಾಣಲಾರರು, ತಮ್ಮ ತಟ್ಟೆಯನ್ನು ಮುಚ್ಚಿಡಲೂ ಬೇಕಿಲ್ಲ.

ಆದರೆ ಹೆದ್ದಾರಿಯ ಇಕ್ಕೆಲಗಳ ರಾಗಿ ಹೊಲಗಳು ನಿವೇಶನಗಳಾಗುತ್ತಿವೆ. ಬಿತ್ತುವ ನೆಲವಿಲ್ಲದೆ ಹೆಮ್ಮೆ ಎಷ್ಟು ದಿನ ಬಾಳೀತು? ಪ್ರಿಯ ವಿದ್ಯಾರ್ಥಿಗಳೇ, ಊರಿನಲ್ಲಿ ನಿಮ್ಮ ಪಾಲಿನ ತುಂಡು ಹೊಲವಿದ್ದರೆ ಮಾರುವ ಮುನ್ನ ಒಮ್ಮೆ ಯೋಚಿಸಿ. ಹೊಲವಿಲ್ಲದವರು ಮಕ್ಕಳಿಗೆ ಎಸರಿಡುವುದನ್ನಾದರೂ ಕಲಿಸಿ.