ಅತ್ತೆ ಹೊಲದ ಕರೆಂಟು

ದಸರಾ ರಜೆಗೆ ಕುಂದಾಣದಿಂದ ಪಾವಗಡ ತಾಲ್ಲೂಕಿನ ಸೋದರತ್ತೆ ಊರಿಗೆ ಹೋಗಿದ್ದೆ. ಅವರ ಕಡ್ಲೆಕಾಯಿ ಹೊಲದ ತುಂಬ ಈಗ ಸೋಲಾರ್ ಹಲಗೆಗಳು! 2018ರಲ್ಲಿ ಶುರುವಾದ ಈ ಸೋಲಾರ್ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಮಾರಿಲ್ಲ, ಗುತ್ತಿಗೆ ಕೊಟ್ಟಿದ್ದಾರೆ. ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಇತ್ತಂತೆ. “ಮಳೆ ಬರ್ದಿದ್ರೂ ದುಡ್ಡು ಬತ್ತದೆ ಕಣಪ್ಪ” ಅಂದರು ಅತ್ತೆ.

ರಾಯಚೂರಿನಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಾರೆ, ಹೊಗೆ, ಬೂದಿ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಇಲ್ಲಿ ಎರಡೂ ಇಲ್ಲ. ನನಗೆ ಖುಷಿಯಾಯಿತು.

ಆದರೆ ಪಕ್ಕದ ಮನೆ ತಾತನಿಗೆ ಜಮೀನಿಲ್ಲ, ಗುತ್ತಿಗೆ ದುಡ್ಡೂ ಇಲ್ಲ. ಹೊಲಗಳಿಗೆ ಬೇಲಿ ಬಿದ್ದು ಕುರಿ ಮೇಯಿಸಲು ದೂರ ಹೋಗಬೇಕು. ಒಂದು ದಿನ ನಾನೂ ಹೋದೆ, ಕಾಲಿಗೆ ಬೊಬ್ಬೆ ಬಂತು. ವಾಪಸ್ ಬರುವಾಗ ಕತ್ತಲಾಗಿತ್ತು.

“ಈಗ್ಲೂ ಕರೆಂಟು ಬರ್ತದಾ ತಾತ, ಇದ್ರಿಂದ?” ಅಂದೆ.

“ಇಲ್ಲ ಮಗ, ರಾತ್ರಿಗೆ ಕಲ್ಲಿದ್ದಲೇ ಗತಿ” ಅಂದು ಕುರಿ ಎಣಿಸತೊಡಗಿದರು.