ಮೂರು ಗ್ರಾಂ ಎಣ್ಣೆ

ಕನ್ನಡ ಮಾಧ್ಯಮದಲ್ಲಿ ಓದುವ ಮುಂಬಯಿಯ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಎರಡು ಭಾಷೆ, ಪರೀಕ್ಷೆಯಲ್ಲಿ ಮತ್ತೊಂದು. ಮನೆಯ ಕನ್ನಡವೂ ಬೀದಿಯ ಮರಾಠಿ ಹಿಂದಿಗಳೂ ನಾವು ಕರೆಯದೆಯೇ ಬಂದು ನಾಲಗೆಯ ಮೇಲೆ ಕುಳಿತುಬಿಡುತ್ತವೆ. ಇಂಗ್ಲಿಷ್ ಮಾತ್ರ ಹಾಗಲ್ಲ. ಅದನ್ನು ಬಾಗಿಲವರೆಗೆ ಹೋಗಿ ಕರೆಯಬೇಕು, ಕೂರಿಸಬೇಕು, ಉಪಚರಿಸಬೇಕು. ಅಷ್ಟಾದರೂ ಅದು ಊಟದ ನಡುವೆ ಎದ್ದು ಹೋಗುವುದುಂಟು. ಈ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿದ ನನಗೆ ಇದರ ಅನುಭವ ಸಾಕಷ್ಟಿದೆ. ಈ ಪಾಡು ನಮ್ಮದು ಮಾತ್ರವೆಂದು ಆಗ ನಾವು ಗೆಳೆಯರು ಮಾತಾಡಿಕೊಳ್ಳುತ್ತಿದ್ದೆವು. ಅದರಲ್ಲಿ ನಮಗೆ ದೊಡ್ಡ ಜೊತೆಯೊಂದು ಇದೆಯೆಂಬುದನ್ನು ಬಹಳ ವರ್ಷಗಳ ಮೇಲೆ ಕಂಡದ್ದು ಚೀನಾ ದೇಶದಲ್ಲಿ, ಸಿಚ್ವಾನ್ ಪ್ರಾಂತದ ರಾಜಧಾನಿಯಾದ ಚೆಂಗ್ಡು ನಗರದ ಒಂದು ಚಹದಂಗಡಿಯಲ್ಲಿ. ವಿದ್ಯಾರ್ಥಿಮಿತ್ರರೇ, ಆ ಸಂಗತಿಯನ್ನು ನಿಮಗೆ ಹೇಳಬೇಕೆಂದೇ ಲೇಖನಿ ಹಿಡಿದಿದ್ದೇನೆ.

ಉದ್ಯೋಗನಿಮಿತ್ತ ನಾನು 2014ರಿಂದ 2017ರವರೆಗೆ ಆ ಊರಿನಲ್ಲಿದ್ದೆ. ಪರದೇಶದವನೆಂದ ಮೇಲೆ ಇಂಗ್ಲಿಷ್ ಬಂದೇ ಬರುತ್ತದೆಂಬುದು ನೆರೆಹೊರೆಯವರ ಎಣಿಕೆ. ಮೊದಲು ಒಬ್ಬ ಹುಡುಗನನ್ನು ಕರೆತಂದರು; ತಿಂಗಳೊಪ್ಪತ್ತಿನಲ್ಲಿ ಐವರಾದರು. ಭಾನುವಾರ ಮಧ್ಯಾಹ್ನ ಚಹದಂಗಡಿಯ ಬಿದಿರುಕುರ್ಚಿಗಳಲ್ಲಿ ನಮ್ಮ ಪಾಠ. ಅಲ್ಲಿ ಮುಚ್ಚಳವಿರುವ ಬಟ್ಟಲಿನಲ್ಲಿ ಚಹದ ಎಲೆ ಹಾಕಿ ಕೊಡುತ್ತಾರೆ. ಒಮ್ಮೆ ಹಣ ತೆತ್ತರೆ ಸಂಜೆಯವರೆಗೂ ಬಿಸಿನೀರು ತುಂಬಿಸುತ್ತಲೇ ಇರುತ್ತಾರೆ. ಏಳಿರೆಂದು ಹೇಳುವವರಿಲ್ಲ. ಪಾಠ ಹೇಳುವುದಕ್ಕೆ ಇದಕ್ಕಿಂತ ಉತ್ತಮ ಸ್ಥಳವನ್ನು ನಾನು ಇದುವರೆಗೆ ನೋಡಿಲ್ಲ. ನನ್ನ ಶುಲ್ಕವೆಂದರೆ ಚಳಿಗಾಲದಲ್ಲಿ ಒಂದು ಚೀಲ ಕಿತ್ತಳೆ.

ಮೊದಲು ಬಂದ ಹುಡುಗನ ನೋಟುಪುಸ್ತಕವನ್ನು ತೆರೆದು ನೋಡಿದಾಗ ಇಂಗ್ಲಿಷ್ ವಾಕ್ಯಗಳ ಕೆಳಗೆಲ್ಲ ಸಣ್ಣ ಸಣ್ಣ ಚೀನೀ ಅಕ್ಷರಗಳು ಕಂಡವು. ಅರ್ಥ ಬರೆದುಕೊಂಡಿದ್ದಾನೆಂದರೆ, ಅಲ್ಲ, ಅದು ಉಚ್ಚಾರಣೆ! ‘ಥ್ಯಾಂಕ್ ಯೂ’ ಎಂಬುದರ ಕೆಳಗೆ ‘ಸಾನ್ ಕ ಯೋ’ ಎಂದಿತ್ತು. ಚೀನೀ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಅರ್ಥವಿರುವುದರಿಂದ ಅದನ್ನು ಓದಿದವರಿಗೆ ಕಾಣುವುದು ‘ಮೂರು ಗ್ರಾಂ ಎಣ್ಣೆ’ ಎಂದು. ಈ ಹಾಸ್ಯ ಅಲ್ಲಿಯ ಶಾಲೆಗಳಲ್ಲೆಲ್ಲ ಪ್ರಸಿದ್ಧ. ಇದರ ಜೊತೆಗೆ ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ‘ಇಂಗ್ಲಿಷ್’ ಎಂಬ ಶಬ್ದವನ್ನೇ ಒಬ್ಬ ಹುಡುಗ ‘ಬಡ್ಡಿ ಕೊಡಬೇಕು’ ಎಂಬರ್ಥದ ಅಕ್ಷರಗಳಲ್ಲಿ ಬರೆದುಕೊಂಡನಂತೆ, ಅವನು ಬೆಳೆದು ಬ್ಯಾಂಕಿನವನಾದ. ಇನ್ನೊಬ್ಬ ‘ಕಾರ್ಯಕಾರಣ ಸಂಬಂಧ’ ಎಂದು ಬರೆದುಕೊಂಡನಂತೆ, ಅವನು ತತ್ತ್ವಜ್ಞಾನಿಯಾದ.

ಇದು ಇಂದಿನ ಮಕ್ಕಳು ಕಂಡುಹಿಡಿದ ಉಪಾಯವೂ ಅಲ್ಲ. 1862ರಲ್ಲಿ ಕ್ಯಾಂಟನ್ ನಗರದಲ್ಲಿ ತಾಂಗ್ ತಿಂಗ್‌ಶು ಎಂಬ ವ್ಯಾಪಾರಸ್ಥ ಆರು ಸಂಪುಟಗಳ ಇಂಗ್ಲಿಷ್ ಕಲಿಕೆಯ ಗ್ರಂಥವನ್ನು ಪ್ರಕಟಿಸಿದ. ಪರದೇಶದ ವರ್ತಕರೊಡನೆ ವ್ಯವಹರಿಸುವ ತನ್ನ ನಾಡಿನವರಿಗೆಂದು ಇಂಗ್ಲಿಷ್ ಮಾತುಗಳ ಉಚ್ಚಾರಣೆಯನ್ನು ಅವನೂ ಚೀನೀ ಅಕ್ಷರಗಳಲ್ಲೇ ಕೊಟ್ಟಿದ್ದ. ಅದೇ ವರ್ಷ ಬೀಜಿಂಗಿನಲ್ಲಿ ಸರಕಾರವೂ ಪರಭಾಷೆಗಳ ಶಾಲೆಯೊಂದನ್ನು ತೆರೆಯಿತು. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದ್ಯ ಬರೆದುಕೊಂಡು ಬಾಯಿಪಾಠ ಮಾಡಿದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರೋ! ನಮ್ಮ ಲಿಪಿ ಧ್ವನಿಯನ್ನು ಹಿಡಿಯುವುದರಲ್ಲಿ ಪಳಗಿದ್ದು. ಆ ಪುಣ್ಯದಿಂದ ನಮಗೆ ಎಣ್ಣೆ ಅಳೆಯುವ ಪ್ರಸಂಗ ಬರಲಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ಮಾತ್ರ ನಾವೂ ಅವರೂ ಒಂದೇ ದೋಣಿಯವರು. ಅವರ ಭಾಷೆಯಲ್ಲಿ ಶಬ್ದದ ಕೊನೆಗೆ ನ್, ಙ್, ಅಪೂರ್ವವಾಗಿ ರ್, ಇಷ್ಟನ್ನು ಬಿಟ್ಟರೆ ಬೇರೆ ವ್ಯಂಜನ ನಿಲ್ಲುವುದಿಲ್ಲ. ಹೀಗಾಗಿ ‘ಲೈಕ್’ ಎನ್ನುವಲ್ಲಿ ‘ಲೈಕ’ ಎಂಬಂತೆ ಒಂದು ಸ್ವರ ಬಾಲದಲ್ಲಿ ಅಂಟಿಕೊಳ್ಳುತ್ತದೆ. ಬಸ್ಸು, ಕಾರು, ಬುಕ್ಕು ಎಂದು ಪ್ರತಿಯೊಂದಕ್ಕೂ ಉಕಾರದ ಬಾಲ ಕಟ್ಟುವ ನಾವು ಅವರನ್ನು ನೋಡಿ ನಗುವಂತಿಲ್ಲ. ಚೆಂಗ್ಡುವಿನ ಮಕ್ಕಳಿಗೆ ಮತ್ತೊಂದು ತೊಡಕು: ಆ ಸೀಮೆಯ ಆಡುಮಾತಿನಲ್ಲಿ ನಕಾರ ಲಕಾರಗಳಿಗೆ ಭೇದವಿಲ್ಲ. ಒಬ್ಬ ಹುಡುಗನ ಬಾಯಲ್ಲಿ ‘ನೈಟ್’ ಹೋಗಿ ‘ಲೈಟ್’ ಆಗುತ್ತಿತ್ತು, ‘ಲೈಟ್’ ಹೋಗಿ ‘ನೈಟ್’ ಆಗುತ್ತಿತ್ತು. ರಾತ್ರಿಯನ್ನು ಆರಿಸು ಎಂದು ಅವನು ಕವಿಯಂತೆ ಅಪ್ಪಣೆ ಮಾಡುತ್ತಿದ್ದ.

ಇನ್ನು ವಾಕ್ಯಗಳ ಅಭ್ಯಾಸ. ಬೆಳಗ್ಗೆ ಪಾಠ ಪ್ರಾರಂಭವಾಗುವ ಮುನ್ನ ಅಲ್ಲಿಯ ಶಾಲೆಗಳಲ್ಲಿ ಮಕ್ಕಳೆಲ್ಲ ಗಟ್ಟಿಯಾಗಿ ಓದುವ ಪದ್ಧತಿ ಇದೆ. ದೂರದಿಂದ ಕೇಳಿದರೆ ನಮ್ಮ ಮಗ್ಗಿಯ ಘೋಷದಂತೆಯೇ. ಲಿ ಯಾಂಗ್ ಎಂಬಾತ 1990ರ ದಶಕದಲ್ಲಿ ‘ಹುಚ್ಚು ಇಂಗ್ಲಿಷ್’ ಎಂಬ ಹೆಸರಿನಲ್ಲಿ ಕ್ರೀಡಾಂಗಣದ ತುಂಬ ಜನರನ್ನು ಸೇರಿಸಿ ಇಂಗ್ಲಿಷ್ ವಾಕ್ಯಗಳನ್ನು ಕೂಗಿಸುತ್ತಿದ್ದ. ಕೂಗಿದರೆ ನಾಚಿಕೆ ಓಡಿಹೋಗುತ್ತದೆ, ನಿಜ. ಅದರ ಹಿಂದೆಯೇ ಅರ್ಥವೂ ಓಡಿಹೋದರೆ? ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿದ್ದ ಹುಡುಗನೊಬ್ಬನನ್ನು ‘ಹೌ ಆರ್ ಯೂ?’ ಎಂದೆ. ತಟ್ಟನೆ ‘ಫೈನ್, ಥ್ಯಾಂಕ್ ಯೂ. ಅಂಡ್ ಯೂ?’ ಎಂದು ಉತ್ತರ ಬಂತು. ಅಲ್ಲಿಯ ಎಳೆಯರೆಲ್ಲರ ಬಾಯಲ್ಲಿಯೂ ಆ ಪ್ರಶ್ನೆಗೆ ಆ ಒಂದೇ ಉತ್ತರ. ಒಬ್ಬ ಹುಡುಗನ ಅಜ್ಜನಂತೂ 1982ರಲ್ಲಿ ಚೀನಾದ ಟೆಲಿವಿಷನ್ನಿನಲ್ಲಿ ಬಂದ ಬಿ.ಬಿ.ಸಿ.ಯ ‘ಫಾಲೋ ಮಿ’ ಪಾಠಗಳನ್ನು ನೋಡಿ ಕಲಿತ ನಾಲ್ಕು ಮಾತುಗಳನ್ನು ಇಂದಿಗೂ ಬೆಳ್ಳಿಯ ಪಾತ್ರೆಯಂತೆ ತೊಳೆದಿಟ್ಟುಕೊಂಡಿದ್ದ. ಚಹದಂಗಡಿಗೆ ಬಂದಾಗಲೆಲ್ಲ ಅವನ್ನು ಒಂದು ಸಲ ಹೊರಗೆ ತೆಗೆಯುತ್ತಿದ್ದ.

ನಾನು ಪಟ್ಟಿಗಳನ್ನು ಕೊಡಲಿಲ್ಲ. ಮನೆಯಲ್ಲಿ ನೀವು ಆಡುವ ಮಾತನ್ನೇ ಹೇಳಿರೆಂದೆ. ಆಗ ಬಂತು ಸ್ವಾರಸ್ಯ. ದಾರಿಯಲ್ಲಿ ಸಿಕ್ಕವರನ್ನು ಅವರ ಹಿರಿಯರು ‘ಊಟವಾಯಿತೆ?’ ಎಂದು ಕೇಳುತ್ತಾರೆ. ನಮ್ಮವರು ಕೇಳುವುದೂ ಅದನ್ನೇ! ಇಂಗ್ಲಿಷಿನವನನ್ನು ಹಾಗೆ ಕೇಳಿದರೆ, ಊಟಕ್ಕೆ ಕರೆಯುತ್ತಿದ್ದಾರೆಂದು ಆತ ತಿಳಿದಾನು. ಅವರು ದೀಪವನ್ನು ‘ತೆರೆಯುತ್ತಾರೆ’. ಆದ್ದರಿಂದ ‘ಓಪನ್ ದಿ ಲೈಟ್’. ನಾವು ದೀಪವನ್ನು ‘ಹಾಕುತ್ತೇವೆ’. ಆದ್ದರಿಂದ ‘ಪುಟ್ ದಿ ಲೈಟ್’. ಅವರಿಗೂ ನಮಗೂ ಶಾಲೆಗೆ ಹೋಗುವುದೆಂದರೆ ‘ಓದುವುದು’. ‘ಐ ಆಮ್ ರೀಡಿಂಗ್ ಇನ್ ಎಯ್ತ್ ಸ್ಟ್ಯಾಂಡರ್ಡ್’ ಎಂಬ ವಾಕ್ಯ ನಿಮಗೆ ಹೊಸದಲ್ಲವಷ್ಟೆ? ಪ್ರತಿಯೊಂದು ತಪ್ಪಿನ ಬೆನ್ನ ಹಿಂದೆಯೂ ಅವರ ಮಾತೃಭಾಷೆಯ ಒಂದು ಸರಿಯಾದ ವಾಕ್ಯ ನಿಂತಿರುತ್ತಿತ್ತು. ಇದನ್ನು ದಡ್ಡತನವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಎರಡು ವಾಕ್ಯಗಳನ್ನೂ ಪಕ್ಕಪಕ್ಕದಲ್ಲಿ ಬರೆಯಿಸಿ, ನಿಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ ಎಂದು ತೋರಿಸಿದರೆ ಸಾಕಾಗುತ್ತಿತ್ತು; ಮಾರನೆಯ ವಾರ ಆ ತಪ್ಪು ಬಹುಮಟ್ಟಿಗೆ ಕಾಣುತ್ತಿರಲಿಲ್ಲ.

ನಿಜವಾದ ಕಷ್ಟವಿದ್ದದ್ದು ಓದಿ ಅರ್ಥಮಾಡಿಕೊಳ್ಳುವುದರಲ್ಲಿ.

ಐವರಲ್ಲಿ ಒಬ್ಬಳು ಹುಡುಗಿ, ಪ್ರೌಢಶಾಲೆಯ ಕೊನೆಯ ವರ್ಷದವಳು. ತಾಯಿ ಬೀದಿಯ ತಿರುವಿನಲ್ಲಿ ಶ್ಯಾವಿಗೆಯಂಥ ನೂಡಲ್ಸ್ ಬೇಯಿಸಿ ಮಾರುತ್ತಿದ್ದಳು. ಚೀನಾದಲ್ಲಿ ಕಾಲೇಜು ಸೇರುವುದಕ್ಕೆ ‘ಗಾವ್‌ಕಾವ್’ ಎಂಬ ಪರೀಕ್ಷೆ ಇದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದು 1977ರಲ್ಲಿ ಮತ್ತೆ ಪ್ರಾರಂಭವಾದದ್ದು. ಅವಳು ಬರೆಯಬೇಕಾಗಿದ್ದ ಪರೀಕ್ಷೆಯಲ್ಲಿ ಒಟ್ಟು 750 ಅಂಕ. ಅದರಲ್ಲಿ ಇಂಗ್ಲಿಷಿಗೆ 150, ಎಂದರೆ ಅವರ ಸ್ವಂತ ಭಾಷೆಗೂ ಗಣಿತಕ್ಕೂ ಇರುವಷ್ಟೇ. ಗಣಿತದಲ್ಲಿ ಅವಳು ಮುಂದು. ಇಂಗ್ಲಿಷ್ ಶಬ್ದಗಳೂ ಸಾವಿರಗಟ್ಟಲೆ ಬಾಯಿಗೆ ಬರುತ್ತಿದ್ದವು. ಆದರೂ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೆ ಉತ್ತರ ತಲೆಕೆಳಗು. ‘ನನ್ನ ತಲೆಯೇ ಇಂಗ್ಲಿಷಿಗೆ ಆಗಿಬಾರದು’ ಎಂದು ಒಂದು ದಿನ ಚೀನೀ ಭಾಷೆಯಲ್ಲಿ ಹೇಳಿ ಪುಸ್ತಕ ಮುಚ್ಚಿದಳು. ನಮ್ಮ ಶಾಲೆಯ ಬೆಂಚುಗಳ ಮೇಲೆ ಆ ಮಾತನ್ನು ನಾನು ಕನ್ನಡದಲ್ಲಿ ಎಷ್ಟು ಸಲ ಕೇಳಿದ್ದೆ!

ಅವಳು ಓದುವ ಕ್ರಮವನ್ನು ಎರಡು ವಾರ ಸುಮ್ಮನೆ ನೋಡಿದೆ. ವಾಕ್ಯದ ಮೊದಲ ಶಬ್ದ ನೋಡುವಳು. ಕಣ್ಣು ಕೊನೆಗೆ ಹಾರುವುದು. ಅಲ್ಲಿಂದ ಹಿಂದಕ್ಕೆ ಬಂದು ಶಬ್ದಗಳ ತಲೆಯ ಮೇಲೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕುವಳು. ಇಂಗ್ಲಿಷ್ ವಾಕ್ಯವನ್ನು ಬಿಚ್ಚಿ ಚೀನೀ ವಾಕ್ಯದ ಅನುಕ್ರಮಕ್ಕೆ ಮತ್ತೆ ಜೋಡಿಸುವ ಕೆಲಸ ಅದು. ಈ ವಾಕ್ಯವನ್ನು ನೋಡಿರಿ: ‘ದಿ ಓಲ್ಡ್ ಮ್ಯಾನ್ ಹೂ ಸೋಲ್ಡ್ ದಿ ಹೌಸ್ ದಟ್ ಹಿಸ್ ಬ್ರದರ್ ಹ್ಯಾಡ್ ಬಿಲ್ಟ್ ನೆವರ್ ಕೇಮ್ ಬ್ಯಾಕ್.’ ಮತ್ತೆ ಬಾರದೆ ಹೋದವನು ಯಾರು? ಅವಳು ‘ಬ್ರದರ್’ ಎಂದಳು. ಆ ಕ್ರಿಯಾಪದದ ಹತ್ತಿರ ಕುಳಿತಿರುವ ಮನುಷ್ಯ ಅವನೇ ತಾನೆ!

ಈಗ ಕನ್ನಡದಲ್ಲಿ ಹೇಳೋಣ: ‘ಸೋದರ ಕಟ್ಟಿದ್ದ ಮನೆಯನ್ನು ಮಾರಿದ ಮುದುಕ ಮತ್ತೆ ಬರಲೇ ಇಲ್ಲ.’ ಎಲ್ಲ ವಿಶೇಷಣಗಳೂ ಮುಂದೆ, ಮುದುಕ ಹಿಂದೆ. ಚೀನೀ ಭಾಷೆಯ ಕ್ರಮವೂ ಹೀಗೆಯೇ. ‘ನಿನ್ನೆ ಬಂದ ಹುಡುಗ’ ಎಂಬುದಕ್ಕೆ ಅವರು ‘ತ್ಸ್ವೊತ್ಯೆನ್ ಲಾಯ್ ದ ನಾನ್‌ಹಾಯ್’ ಎನ್ನುತ್ತಾರೆ: ತ್ಸ್ವೊತ್ಯೆನ್ ಎಂದರೆ ನಿನ್ನೆ, ಲಾಯ್ ಎಂದರೆ ಬರುವುದು, ನಾನ್‌ಹಾಯ್ ಎಂದರೆ ಹುಡುಗ, ನಡುವೆ ಕೂಡಿಸುವುದಕ್ಕೆ ಒಂದು ‘ದ’. ನಮ್ಮ ‘ಬಂದ’ದ ಕೊನೆಯಲ್ಲಿಯೂ ಒಂದು ‘ದ’ ಇರುವುದು ಕೇವಲ ಆಕಸ್ಮಿಕ. ಆದರೂ ನನಗೆ ಅದು ಅಪರಿಚಿತರ ಊರಿನಲ್ಲಿ ನಮ್ಮ ಕಡೆಯ ಮುಖ ಕಂಡಂತಾಯಿತು. ದೇವರ ಉತ್ಸವದಲ್ಲಿ ವಾದ್ಯದವರು, ದೀವಟಿಗೆಯವರು, ಛತ್ರ ಚಾಮರದವರು ಎಲ್ಲ ಸಾಗಿದ ಮೇಲೆ ಕೊನೆಯಲ್ಲಿ ಉತ್ಸವಮೂರ್ತಿ ಬರುತ್ತದೆ. ನಮ್ಮ ವಾಕ್ಯವೂ ಚೀನೀ ವಾಕ್ಯವೂ ಹಾಗೆ. ಇಂಗ್ಲಿಷಿನಲ್ಲಿ ಮೂರ್ತಿ ಮೊದಲು ಹೊರಟುಬಿಡುತ್ತದೆ, ಪರಿವಾರ ಹಿಂದೆ ಓಡಿ ಬರುತ್ತದೆ. ಇದನ್ನು ತಿಳಿಯದೆ ಮೂರ್ತಿಗಾಗಿ ಮೆರವಣಿಗೆಯ ತುದಿಯಲ್ಲಿ ಕಾದು ನಿಂತವರಿಗೆ ಪರಿವಾರದವರಲ್ಲಿ ಯಾರೋ ಒಬ್ಬನು ದೇವರಾಗಿ ಕಾಣುವುದು ಸಹಜವೇ.

ಉಪಾಯ ಬಹಳ ಸರಳ. ಒಂದು ದಪ್ಪ ಕಾಗದದ ತುಂಡನ್ನು ಸಾಲಿನ ಮೇಲೆ ಇಟ್ಟು ಮುಂದಿನದನ್ನು ಮುಚ್ಚುವುದು. ‘ದಿ ಓಲ್ಡ್ ಮ್ಯಾನ್’ ಇಷ್ಟನ್ನು ತೆರೆದು, ಯಾರು? ಎಂದು ಕೇಳುವುದು. ಮುದುಕ. ಅವನನ್ನು ಕೈಯಲ್ಲಿ ಹಿಡಿದುಕೋ, ಬಿಡಬೇಡ. ‘ಹೂ ಸೋಲ್ಡ್ ದಿ ಹೌಸ್’, ಎಂಥ ಮುದುಕ? ಮನೆ ಮಾರಿದವನು. ‘ದಟ್ ಹಿಸ್ ಬ್ರದರ್ ಹ್ಯಾಡ್ ಬಿಲ್ಟ್’, ಎಂಥ ಮನೆ? ಸೋದರ ಕಟ್ಟಿದ್ದು. ‘ನೆವರ್ ಕೇಮ್ ಬ್ಯಾಕ್’, ಯಾರು? ಕೈಯಲ್ಲಿ ಹಿಡಿದಿದ್ದೆಯಲ್ಲ, ಅವನು. ಹಿಂದಕ್ಕೆ ಹಾರುವುದಕ್ಕೆ ಕಣ್ಣಿಗೆ ಎಡೆಯೇ ಇಲ್ಲ. ಒಂದು ಪರಿಚ್ಛೇದ ಮುಗಿದ ಮೇಲೆ ಒಬ್ಬರು ಅದರ ಕಥೆಯನ್ನು ಚೀನೀ ಭಾಷೆಯಲ್ಲಿ ಉಳಿದವರಿಗೆ ಹೇಳಬೇಕು. ಉಳಿದವರು ತಕರಾರು ತೆಗೆಯಬೇಕು. ನನಗೆ ಬರುತ್ತಿದ್ದ ಚೀನೀ ಅತ್ಯಲ್ಪ. ಆದರೆ ತಕರಾರು ಏಳುವ ಸ್ಥಳದಿಂದಲೇ ಯಾವ ವಾಕ್ಯ ತಿಳಿದಿಲ್ಲವೆಂಬುದು ನನಗೆ ಗೊತ್ತಾಗುತ್ತಿತ್ತು. ಇಂಗ್ಲಿಷ್ ಪಾಠದಲ್ಲಿ ಮನೆಮಾತು ಕಿವಿಗೆ ಬೀಳಕೂಡದೆಂದು ವಾದಿಸುವ ವಿದ್ವಾಂಸರಿದ್ದಾರೆ. ಅವರು ಒಂದು ಭಾನುವಾರ ಆ ಚಹದಂಗಡಿಗೆ ಬಂದಿದ್ದರೆ ಚೆನ್ನಾಗಿತ್ತು.

ಶಬ್ದಕೋಶ ನೋಡಿದರೂ ಬಗೆಹರಿಯದ ತೊಡಕುಗಳು ಬೇರೆ ಇದ್ದವು. ‘ಬ್ರದರ್’ ಎಂದರೆ ಅಣ್ಣನೋ ತಮ್ಮನೋ? ಅವರ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದ, ನಮ್ಮಲ್ಲಿದ್ದಂತೆ. ‘ಅಂಕಲ್’ ಬಂದರಂತೂ ಮುಗಿಯಿತು: ದೊಡ್ಡಪ್ಪನೆ, ಚಿಕ್ಕಪ್ಪನೆ, ಸೋದರಮಾವನೆ ಎಂದು ಐವರೂ ಕೇಳುವರು. ನನ್ನಲ್ಲಿ ಉತ್ತರವಿಲ್ಲ, ಪುಸ್ತಕ ಬರೆದವನೂ ಹೇಳಿಲ್ಲ! ‘ಹಿ’, ‘ಷಿ’ಗಳ ಕಥೆ ಇದಕ್ಕೆ ವಿರುದ್ಧ. ಚೀನೀ ಮಾತಿನಲ್ಲಿ ಅವನು ಅವಳು ಎರಡೂ ‘ತಾ’. ಬರವಣಿಗೆಯಲ್ಲಿ ಬೇರೆ ಅಕ್ಷರ ಬಳಸುವ ಪದ್ಧತಿಯೂ 20ನೆಯ ಶತಮಾನದ್ದು. ಆದ್ದರಿಂದ ಗದ್ಯದಲ್ಲಿ ‘ಷಿ’ ಯಾರನ್ನು ಕುರಿತದ್ದೆಂದು ಹುಡುಕುವ ಅಭ್ಯಾಸವನ್ನೇ ಹೊಸದಾಗಿ ಮಾಡಿಸಬೇಕಾಯಿತು. ದೊಡ್ಡ ಸಂಖ್ಯೆಗಳಲ್ಲಿ ಮತ್ತೆ ನಾವು ಜೊತೆಗಾರರು. ಅವರು ಹತ್ತು ಸಾವಿರಕ್ಕೆ ‘ವಾನ್’, ಹತ್ತು ಕೋಟಿಗೆ ‘ಯಿ’ ಎಂದು ಎಣಿಸುವವರು. ನಾವು ಲಕ್ಷ ಕೋಟಿಗಳವರು. ಮಿಲಿಯನ್ ಎಂದಾಗ ಅವರು ನೂರು ವಾನ್ ಎಂದೂ ನಾನು ಹತ್ತು ಲಕ್ಷ ಎಂದೂ ಬೆರಳು ಮಡಿಸುತ್ತಿದ್ದೆವು. ಆ ಹೊತ್ತಿಗೆ ಚಹ ಆರಿರುತ್ತಿತ್ತು.

ಜೂನ್ 8ರ ಮಧ್ಯಾಹ್ನ ಇಂಗ್ಲಿಷ್ ಪರೀಕ್ಷೆ. ಆ ದಿನ ತಾಯಿ ಅಂಗಡಿ ತೆರೆದಿರಲಿಲ್ಲ. ಸಂಜೆ ಹುಡುಗಿ ಬಂದು ‘ಲಾವ್‌ಶಿ’ ಎಂದು ಕರೆದು (ಗುರುಗಳನ್ನು ಅವರು ಹೆಸರಿಡಿದು ಕರೆಯುವುದಿಲ್ಲ) ಗದ್ಯಭಾಗಗಳೆಲ್ಲ ಓದಿ ಮುಗಿದವು, ಈ ಸಲ ಸಂಖ್ಯೆ ಹಾಕಲಿಲ್ಲ ಎಂದಳು. ಅಂಕಗಳೆಷ್ಟೆಂದು ನಾನು ಕೇಳಲಿಲ್ಲ. ಬೇರೊಂದು ನಗರದ ಕಾಲೇಜಿನಲ್ಲಿ ಸ್ಥಳ ದೊರೆಯಿತೆಂದು ಅವಳ ತಾಯಿಯೇ ಆಗಸ್ಟಿನಲ್ಲಿ ಹೇಳಿದಳು.

ಅಲ್ಲಿಂದ ಅವಳು ನನಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಳು. ಒಂದೂವರೆ ಪುಟ. ‘ಎಸ್’ ಎಂಬ ಬಹುವಚನದ ಅಕ್ಷರ ಹಲವು ಕಡೆ ಬಿಟ್ಟುಹೋಗಿತ್ತು. ನಿನ್ನೆ ನಡೆದದ್ದೂ ನಾಳೆ ನಡೆಯುವುದೂ ಒಂದೇ ಕ್ರಿಯಾಪದದಲ್ಲಿ ಸಂಸಾರ ಮಾಡುತ್ತಿದ್ದವು. ಅಂಗಡಿಯಲ್ಲಿ ಈಗ ತಾಯಿಗೆ ನೆರವಾಗುತ್ತಿರುವ ಅಂಕಲ್ ನಿಮ್ಮನ್ನು ಕೇಳಿದರು ಎಂದು ಒಂದು ನೀಳವಾದ ವಾಕ್ಯವಿತ್ತು. ಅದರಲ್ಲಿ ಅಂಕಲ್ ಮೊದಲು, ಅಂಗಡಿ ತಾಯಿ ನೆರವು ಎಲ್ಲ ಅವನ ಹಿಂದೆ, ಎಲ್ಲಿಯೂ ತಪ್ಪಿಲ್ಲ. ‘ಅಂಕಲ್’ ಎಂಬುದರ ಮೇಲೆ ಒಂದು ಚುಕ್ಕೆ ಇಟ್ಟು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ‘ತಾಯಿಯ ತಮ್ಮ, ಅಣ್ಣನಲ್ಲ.’